ಕುಂಚಗಿಗೆ ತಂದ ನೀರು

...ನಗಬ್ಯಾಡ ಕಾಸಿಂಬಿ, ಖರೇನ ಹೇಳಾಕತ್ತೇನಿ. ನನ್ನ, ಈ ಅಮೀನಪ್ಪನ, ಚಿಮಣಿ ಎಣ್ಣಿ ಡಿಪೋ ಹತ್ತಿ ಉರದಾಗ, ಬೆಂಕಿ ಆರಸೋ ಗಾಡಿ ಬಂದು ಆ ಬಿಳಿ ನೊರಿ ಹೊಡೀಲಿಲ್ಲಂದ್ರ, ಇವತ್ತ ನಿನ್ನ ಮನಿ ಇರ್ತಿದ್ದಿಲ್ಲ. ಈ ಬಣ್ಣದ ಹಂಡೇನೂ ಇರ್ತಿದ್ದಿಲ್ಲ.

ಆತು, ನೊರಿ ಗ್ವಾಡಿ ದಾಟಿ ನಿನ್ನ ಅಂಗಳಕ್ಕ ಬಂತು. ನೆಲದಾಗ ಇಂಗಿ ಬೋರಿಗೆ ಇಳೀತು. ನಾ ಇಲ್ಲ ಅಂದೇನೇನು? ಬೋರು ಹೊಡದ್ರ ಕೊಡದ ತುಂಬ ನೊರಿ, ನಿನ್ನ ಸೊಸಿ ಶಹನಾಜ ಕುಂತು ಅಳತಿದ್ಲು. ಆವಾಗ ಯಾರು ಬಂದ್ರು? ನಾನ ಬಂದೆ. ಬಾಗಲಕೋಟಿಯಿಂದ ಔಷಧ ತರಿಸಿ ಎರಡು ಡ್ರಮ್ ಬೋರಿನ ಹೊಟ್ಯಾಗ ಸುರಿಸಿದೆ. ಆಲಂ, ಬ್ಲೀಚಿಂಗ್, ಇನ್ನೊಂದು ಕರೀ ಪುಡಿ. ಎಂಟು ದಿನಕ್ಕ ನೊರಿ ನಿಂತಿತೋ ಇಲ್ಲೋ? ...ಹಾಂ. ಹೌದಂತ ತಲಿ ಅಲ್ಲಾಡಸ್ತಿ ನೋಡು.

ನೀರು ಛಲೋ ಐತೋ ಇಲ್ಲೋ ನನ್ನ ಕೇಳಬ್ಯಾಡ, ನಿನ್ನ ನೂಲು ಕೇಳು. ಮೂವತ್ತು ವರ್ಷ ಬಣ್ಣದಾಗ ಕೈ ಇಟ್ಟಾಕಿ ನೀ. ಹಿಂದ ಕೆಂಪು ಹತ್ತಬೇಕಂದ್ರ ನೂಲಿನ ಲಡಿ ಎರಡೆರಡು ಸಲ ಅದ್ದತಿದ್ದಿ. ಈಗ ಒಂದ ಸಲಕ್ಕ ಒಳತನಕ ಹಿಡೀತೈತಿ. ಬಣ್ಣ ಇಷ್ಟು ಚಂದ ಹಿಡಿಯೋ ನೀರು ಕುಡಿಯಾಕೂ ಛಲೋ ಅಂತ ಓಣಿ ತುಂಬ ಹೇಳಿದಾಕಿ ನೀನ. ನಾ ಹೇಳಿದ್ನೇನು? ಶಹನಾಜನೂ ಅದನ್ನ ಕುಡೀತಾಳ. ಆರು ತಿಂಗಳ ಬಸರಿ, ನೀರಡಿಕಿ ಭಾಳ... ಕುಡೀಲಿ, ಕುಡೀಲಿ.

ಅದಕ್ಕ ಈ ಕಾಗದಕ್ಕ ಒಂದು ಹೆಬ್ಬಟ್ಟು ಒತ್ತು. ಬೋರು ಸ್ವಚ್ಛ ಆಗೇತಿ, ನಮ್ಮ ತಕರಾರು ಇಲ್ಲ, ಇಷ್ಟ ಬರದೇನಿ. ತಾರೀಖು, ಇಸವಿ ಎಲ್ಲಾ ಹಾಕೇನಿ, ಎರಡ ಸಾವಿರದ ನಾಕು. ನೀ ಒತ್ತಿದ್ರ ಓಣಿ ಎಲ್ಲಾ ಒತ್ತತೈತಿ, ಸೀಲ್ ಹಾಕಿದ ಸಾಹೇಬರು ನನ್ನ ಡಿಪೋದ ಬಾಗಲಾ ತೆಗೀತಾರ. ...ಶಹನಾಜ ಓದಬೇಕಾ? ನಾಕನೇತ್ತೆ ಕಲತಾಕಿ ಏನು ಓದ್ತಾಳ. ಒತ್ತು.

ಹಾಂ, ಮಸಿ ಹತ್ತಿತು... ತಡಿ, ಮರತಿದ್ದೆ. ನನ್ನ ಮಗಳು ಮಹಾನಂದಾ ಹಡದಾಳ. ಗಂಡು ಕೂಸು. ತೊಟ್ಟಲದಾಗ ಹಾಕೋ ದಿನಕ್ಕ ಖಣದ ಕುಂಚಗಿ ಬೇಕು, ಕೂಸಿನ ನೆತ್ತಿಯಿಂದ ಬೆನ್ನತನಕ ಇಳಿಯೋವಂಥಾ ಟೊಪಗಿ. ನೂಲಿಗೆ ನೀನ ಬಣ್ಣ ಹಾಕು. ನೀರು ನಾ ತಂದೇನಿ, ಬೇವೂರಿಂದ. ಹೊರಗ ಕಟ್ಟಿ ಮ್ಯಾಲ ಎರಡು ಕ್ಯಾನ್ ಅದಾವ ನೋಡು, ಅದರಾಗ ಅದ್ದು. ಕೂಸು ಅಂಚು ಬಾಯಾಗ ಇಟ್ಕೊಂಡು ಚೀಪತೈತಿ, ಅದಕ್ಕ...

...ಯಾಕ? ಹೆಬ್ಬಟ್ಟು ಯಾಕ ಎತ್ತಿದಿ?

ಹಂಗಲ್ಲ ಅದು. ಮಹಾನಂದಾನ ಹಟ, ಬಾಣಂತಿ... ನನ್ನ ಹಂಗ ನೋಡಬ್ಯಾಡ. ನಿನ್ನ ಬೋರಿನ ನೀರು ಲ್ಯಾಬಿಗೆ ಕಳಿಸಿದ್ದೆ, ಅಲ್ಲಿಯಾವ ಏನೋ ಬರದು ಕೊಟ್ಟಾನ. ನೊರಿ ಹೋದ್ರೂ ಅದರ ವಿಷ ನೀರಾಗ ಉಳೀತೈತಿ, ಆಲಂಗೂ ಜಗ್ಗಂಗಿಲ್ಲ, ಬ್ಲೀಚಿಂಗಿಗೂ ಜಗ್ಗಂಗಿಲ್ಲ, ಬಣ್ಣ ಲಗೂ ಹತ್ತೋದೂ ಅದರಿಂದಾನ ಅಂತ. ಉಳದ್ರ ಉಳೀಲಿ. ನಿಮಗೇನು, ರೂಢಿ ಆಗೇತಿ.

ಕಾಸಿಂಬಿ, ಎತ್ತ ಹೊಂಟಿ? ಕ್ಯಾನ್ ಮುಟ್ಟಬ್ಯಾಡ. ಬೂಚ ಯಾಕ ತೆಗೀತಿ... ಗಿಲಾಸು ಯಾಕ... ಶಹನಾಜಗ ಯಾಕ ಕೊಡ್ತಿ ಅದನ್ನ?

...ಮತ್ತೊಂದು ಗಿಲಾಸು? ಸಾಕು. ಸಾಕಂದ್ನೆಲ್ಲ. ಒಂದು ಕ್ಯಾನರೆ ಉಳಸು, ಕುಂಚಗಿಗೆ ಬೇಕು.