ಮೇಜರ್ ಮಾಡಿಕೊಟ್ಟ ಕಾಫಿ

೧೯೭೮ರಲ್ಲಿ ಹ್ಯಾಂಬರ್ಗ್ ಬಂದರಿನಲ್ಲಿ ಫೆರಿಗೆ ಕಾಯುತ್ತಿದ್ದ ಲಕ್ಷ್ಮೀಶನ ಕಿವಿಗೆ ಹಿಂದಿನ ಬೆಂಚಿನಿಂದ ಕನ್ನಡ ಬಿತ್ತು. ಇಬ್ಬರು ಹೆಂಗಸರು. ತಿರುಗಿದರೆ ಮಾತು ನಿಂತೀತೆಂದು ಅವನು ಸುಮ್ಮನೆ ಕುಳಿತ.

“ಊರ್ಮಿಳಕ್ಕ, ಡೈವೋರ್ಸ್ ಆದ್ರೆ ನಿಮ್ಮ ಜರ್ಮನ್ ಗಂಡ ಮೇಜರ್‌ನ ಪೆನ್ಷನ್‌ನಲ್ಲಿ ನಿಮಗೂ ಪಾಲಂತೆ?”

“ಹೂಂ ಶುಭಾ, ಇಲ್ಲಿನ ಹೊಸ ಕಾನೂನು. ನಾವು ಜೊತೆಗಿದ್ದ ವರ್ಷಗಳದ್ದು ಬರುತ್ತೆ.”

“ಮನೆ?”

“ಅದನ್ನೂ ನಂಗೇ ಬಿಟ್ಟಿದಾನೆ.”

“ಮತ್ತೆ ಸೈನ್ ಹಾಕಿ ಮುಗಿಸಿ.”

“ಹೇಗೆ ಹಾಕ್ಲಿ? ಬೆಳಿಗ್ಗೆ ಎದ್ದು ಆ ಹೊಸಬಳಿಗೆ ಕಾಫಿ ಮಾಡ್ಕೊಡ್ತಾನಂತೆ.”

“ಯಾರಂದ್ರು?”

“ಅವನೇ, ನಗ್ತಾ. ಆಸ್ಪತ್ರೇಲಿ ನೈಟ್ ಡ್ಯೂಟಿ ಮುಗಿಸಿ ಬಂದು ಅವನಿಗೆ ಕಾಫಿ ಮಾಡ್ತಿದ್ದೋಳು ನಾನು.”

ಫೆರಿ ಬಂತು. ಇಬ್ಬರೂ ಎದ್ದರು.

“ಸೈನ್ ಹಾಕ್ತೀನಿ ಬಿಡು. ಒಂದೇ ಒಂದು ದಿನ ನಂಗೂ ಮಾಡ್ಕೊಟ್ಟಿದ್ರೆ, ಆ ಪೆನ್ಷನ್ನೂ ಬೇಡ ಅಂತಿದ್ದೆ.”

ಅದೇ ಫೆರಿ ಹತ್ತಬೇಕಿದ್ದ ಲಕ್ಷ್ಮೀಶ ಮುಂದಿನದಕ್ಕೆ ಉಳಿದ.