ಹಿಂದಿನ ಬಾಗಿಲಿಲ್ಲದ ಫ್ಲ್ಯಾಟು

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಪುತ್ತಿಗೆಯ ಮಮ್ಮು ಮತ್ತು ಅವರ ಹೆಂಡತಿ ಸಫಿಯಮ್ಮ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಪೇಟೆಯ ಹಳೆಯ ಮನೆಗಳ ನಡುವೆ ಎದ್ದ ಹೊಸ ಫ್ಲ್ಯಾಟನ್ನು ಆಗಷ್ಟೇ ನೋಡಿ ಬಂದಿದ್ದರು. ಕೊಳ್ಳುವುದೋ ಬೇಡವೋ ಎಂದು ದುಬೈಯಲ್ಲಿರುವ ಮಗ ಶಾಫಿಗೆ ಸಂಜೆಯೊಳಗೆ ಹೇಳಬೇಕಿತ್ತು.

“ಬೇಡ ಅಂತ ಹೇಳುವ,” ಎಂದರು ಮಮ್ಮು.

“ಯಾಕೆ? ಮಸೀದಿ ಹತ್ತಿರ, ಮೀನು ಮಾರ್ಕೆಟ್ ಹತ್ತಿರ. ಲಿಫ್ಟ್ ಕೂಡ ಉಂಟು.”

“ಕರೆಂಟ್ ಹೋದರೆ ಲಿಫ್ಟಿನೊಳಗೇ ಸಂಸಾರ ಮಾಡ್ತೀಯಾ?”

“ಅದಕ್ಕೆ ಜನರೇಟರ್ ಉಂಟಂತೆ.”

“ಹಲಸಿನ ಹಪ್ಪಳ ಎಲ್ಲಿ ಒಣಗಿಸ್ತೀ?”

“ಟೆರೇಸಿನಲ್ಲಿ. ಅಲ್ಲಿ ಕೋಳಿಗಳ ಕಾಟವೂ ಇಲ್ಲ.”

ಮಮ್ಮು ಇನ್ನೊಂದು ಕಾರಣ ತೆಗೆದರು.

“ಹಿಂದಿನ ಬಾಗಿಲೇ ಇಲ್ಲ, ಮಾರಾಯ್ತಿ! ಎದುರಿನ ಕೋಣೆಯಲ್ಲಿ ಗಂಡಸರು ಕೂತಿರುವಾಗ ಹೆಂಗಸರು ಯಾವ ದಾರಿಯಲ್ಲಿ ಒಳಗೆ ಬರುವುದು?”

ಸಫಿಯಮ್ಮ ತಿರುಗಿ ಗಂಡನ ಮುಖ ನೋಡಿದರು.

“ಈಗಿನ ನಮ್ಮ ಮನೆಯ ಹಿಂದಿನ ಬಾಗಿಲಲ್ಲಿ ಹೆಂಗಸರಿಗಿಂತ ಹೆಚ್ಚು ಓಡಾಡಿದ್ದು ನೀವು. ನನ್ನ ಅಣ್ಣ ಗೇಟು ತೆರೆದರೆ ಸಾಕು, ನಿಮಗೆ ತೋಟದ ಕೆಲಸ ನೆನಪಾಗ್ತದೆ.”

“ನಿನ್ನ ಅಣ್ಣ ಕೂತರೆ ಏಳುವ ಜನವಾ? ಅವರ ಮಂಡಿನೋವಿನ ಕತೆ ಮುಗಿಯಲಿಕ್ಕೆ ಉಂಟಾ?”

“ಪಾಪ, ಅವರು ಅಷ್ಟು ದೂರದಿಂದ ಬರುವುದೇ ನಿಮ್ಮ ಹತ್ತಿರ ಮಾತಾಡಲಿಕ್ಕೆ. ಇನ್ನು ಕೂತು ಪೂರ್ತಿ ಕೇಳಿ. ಫ್ಲ್ಯಾಟು ಬೇಕು ಅಂತಲೇ ಶಾಫಿಗೆ ಹೇಳ್ತೇನೆ.”

ಅಷ್ಟರಲ್ಲಿ ಬಸ್ಸು ಬಂತು. ಸಫಿಯಮ್ಮ ಮುಂದಿನ ಬಾಗಿಲಲ್ಲಿ ಹತ್ತಿದರು. ಮಮ್ಮು ಎಂದಿನಂತೆ ಹಿಂದಿನ ಬಾಗಿಲಿಗೆ ಹೋದರು.