ಫಕೀರವ್ವ ಕುಡಿಯದ ನೀರು

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಕೆಟ್ಟವನಲ್ಲ ನೋಡಿ, ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆ ಎಂದರೆ ನೀವು ಪಕ್ಕದವರ ಮುಖ ನೋಡುತ್ತೀರಿ! ಇವನು ಒಳ್ಳೆಯವನು. ದೊಡ್ಡ ಮನೆ, ಮನೆಯಲ್ಲಿ ನಾಲ್ಕು ಪಾಯಖಾನೆ. ಅವನ್ನು ತೊಳೆಯಲು, ಕಸ ಮುಸುರೆ ಮಾಡಲು ಫಕೀರವ್ವ ಎಂಬಾಕೆ ಬರುತ್ತಿದ್ದಳು. ಬೆಳಿಗ್ಗೆ ಬಂದರೆ ಹೋಗುವುದು ಸಂಜೆಗೆ.

ಒಂದು ದಿನ ಆಕೆ ಹೊಟ್ಟೆ ಹಿಡಿದುಕೊಂಡು ಹಿತ್ತಿಲಲ್ಲಿ ಕುಸಿದಳು. ಮೈಯೆಲ್ಲ ಸುಡುವ ಜ್ವರ. ಸಾಹುಕಾರನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಉರಿಮೂತ್ರ ಅಂದರು, ಗುಳಿಗೆ ಕೊಟ್ಟರು, ವಾಸಿಯಾಯಿತು. ತಿಂಗಳಿಗೆ ಮತ್ತೆ ಬಂತು. ಮತ್ತೆ ಗುಳಿಗೆ, ಮತ್ತೆ ಸೂಜಿ. ಮೂರನೆಯ ಸಲ ಡಾಕ್ಟರಮ್ಮನಿಗೆ ಸಿಟ್ಟೇ ಬಂತು.

"ನೀರು ಕುಡಿ ಅಂತ ಎಷ್ಟು ಸಲ ಹೇಳೀನಿ ಫಕೀರವ್ವ? ಒಂದು ಕಿಡ್ನಿಗೆ ಆಗಲೇ ಪೆಟ್ಟು ಬಿದ್ದೈತಿ. ಇನ್ನೊಂದೂ ಹೋದ್ರ ಏನ್ ಮಾಡ್ತಿ?"

ಸಾಹುಕಾರನೂ ಗದರಿದ: "ಮನ್ಯಾಗ ಫಿಲ್ಟರ್ ನೀರೈತಿ. ಕುಡ್ಯಾಕ ಏನ್ ಧಾಡಿ ನಿನಗ?"

ಫಕೀರವ್ವ ತಲೆ ತಗ್ಗಿಸಿದಳು. "ಕುಡದ್ರ ಹೋಗಬೇಕಾಗ್ತೈತಲ್ರೀ ಸಾಹುಕಾರ್ರ. ಎಲ್ಲಿಗೆ ಹೋಗ್ಲಿ?"

ಕೇಳಿದಿರಾ? ನಾಲ್ಕು ಪಾಯಖಾನೆ! ನಾಲ್ಕನ್ನೂ ದಿನಾ ತಿಕ್ಕುವವಳು ಅವಳೇ! ಹೋಗಬೇಡ ಎಂದು ಯಾರಾದರೂ ಹೇಳಿದ್ದರೇ? ಇಲ್ಲ. ಹೋಗು ಎಂದೂ ಯಾರೂ ಹೇಳಿರಲಿಲ್ಲ. ಅವಳಿಗೆಂದು ಬೇರೆ ಲೋಟ ಇಟ್ಟಿದ್ದರು, ಬೇರೆ ತಟ್ಟೆ ಇಟ್ಟಿದ್ದರು. ಉಳಿದದ್ದನ್ನು ಅವಳೇ ತಿಳಿದುಕೊಂಡಿದ್ದಳು.

ಡಾಕ್ಟರಮ್ಮ ಸಾಹುಕಾರನ ಕಡೆ ತಿರುಗಿದರು. "ನನ್ನ ಗುಳಿಗಿ ಮುಗದಾವ್ರೀ. ಉಳದ ಔಷಧ ನಿಮ್ಮ ಮನ್ಯಾಗೈತಿ."

ಸಾಹುಕಾರ ಮುಂದೇನು ಮಾಡಿದ ಎಂದು ಕೇಳುತ್ತೀರಾ? ನಾನು ಹೇಳುವುದಿಲ್ಲ. ನನ್ನದನ್ನು ಹೇಳುತ್ತೇನೆ. ನಮ್ಮ ಮಠದಲ್ಲಿ ದಾಸೋಹದ ಪಾತ್ರೆ ತೊಳೆಯುವ ತಾಯಂದಿರು ಎಲ್ಲಿಗೆ ಹೋಗುತ್ತಾರೆ ಎಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದೆ. ಕೆರೆಯ ಆಚೆ ಜಾಲಿಗಿಡದ ಮರೆಗೆ ಹೋಗುತ್ತಾರಂತೆ. ನಾಚಿಕೆಯಾಯಿತು ನನಗೆ. ನನ್ನ ಕೋಣೆಯ ಪಕ್ಕದ ಪಾಯಖಾನೆಯ ಬೀಗ ಅವರಿಗಾಗಿ ತೆಗೆಸಿದ್ದೇನೆ.

ನಾವು ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಹಣ್ಣು ಹಂಚುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಹಂಚಿ, ಬೇಡ ಅನ್ನುವುದಿಲ್ಲ. ಆದರೆ ಆ ರೋಗ ಹುಟ್ಟಿದ್ದು ಯಾರ ಮನೆಯಲ್ಲಿ? ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ, ನೀವು ಕುಡಿಯುವ ಲೋಟದಲ್ಲೇ ನೀರು ಕೊಡಿ. ಪಾಯಖಾನೆಯ ಬಾಗಿಲು ತೋರಿಸಿ, "ಇದು ನಿನಗೂ ಐತಿ, ತಂಗಿ" ಎಂದು ಬಾಯಿಬಿಟ್ಟು ಹೇಳಿ. ಆಕೆ ಕೇಳಲಿ ಎಂದು ಕಾಯಬೇಡಿ. ಆಕೆ ಕೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾಳೆ.